ಮಿಗ್ ಮಷೀನಿನ ಅರ್ಥ

ವೆಲ್ಡಿಂಗ್ ಶೆಡ್ಡಿನಲ್ಲಿ ಎರಡು ವಸ್ತುಗಳು ದಿನವಿಡೀ ಹಾರುತ್ತಿರುತ್ತವೆ: ಕಿಡಿ ಮತ್ತು ಸಲಹೆ. ಕಿಡಿಯಿಂದ ತಪ್ಪಿಸಿಕೊಳ್ಳಲು ಮುಖಕ್ಕೆ ಗಾಜಿನ ಮುಸುಕು ಇದೆ.

ನಮ್ಮ ಶೆಡ್ಡು ಶಿರಸಿಯ ಅಂಚಿನಲ್ಲಿ, ಎಕ್ಕಂಬಿಗೆ ಹೋಗುವ ರಸ್ತೆಯ ಬದಿಗಿದೆ. ಗೇಟು, ಗ್ರಿಲ್ಲು, ಮೆಟ್ಟಿಲ ಕಟಾಂಜನ ಮಾಡುತ್ತೇವೆ. ಅಳತೆ ತೆಗೆಯುವವನು, ಕಬ್ಬಿಣ ತರಿಸುವವನು ನಾನು, ಬೆಸೆಯುವವರು ಮೇಸ್ತ್ರಿ. ಅವರು ದಾಸನಕೊಪ್ಪದವರು, ಶೆಡ್ಡಿನಷ್ಟೇ ಹಳಬರು. ಕಡ್ಡಿಯಂಥ ರಾಡು ಹಿಡಿದು ಬೆಸೆಯುವ ಹಳೆಯ ವೆಲ್ಡಿಂಗಿನಲ್ಲಿ ಅವರ ಕೈ ಪಳಗಿದ್ದು. ಹೋದ ವರ್ಷ ನಾನು ಎಲ್ಲೋ ಸ್ವಲ್ಪ ಓದಿ, ಆಮೇಲೆ ಇನ್ನಷ್ಟು ಓದಿ, ಒಂದು ಮಿಗ್ ಮಷೀನು ತರಿಸಿದೆ. ಇದರಲ್ಲಿ ರಾಡು ಬದಲಾಯಿಸುವ ಗೋಜಿಲ್ಲ. ಗುಂಡಿ ಒತ್ತಿದರೆ ಸುರುಳಿಯಿಂದ ತಂತಿ ತಾನಾಗಿ ಬರುತ್ತದೆ. ಬೆಸುಗೆ ಕೆಡದಂತೆ ಅದರ ಸುತ್ತ ಗ್ಯಾಸು ಬಂದು ಕಾಯುತ್ತದೆ.

ಮೇಸ್ತ್ರಿ ಮಷೀನಿಗೆ ಒಂದು ಸುತ್ತು ಬಂದರು. "ಮಾಲಕ್ರ, ಒಂದ್ ತಿಂಗಳು ನೋಡ್ತೀನ್ರಿ. ನನಗ ಒಗ್ಗಿದ್ರ ಆತು. ಇಲ್ಲಾಂದ್ರ ಊರಿಗೆ ಹೋಗಿ ಗೋವಿನಜೋಳ ಹಾಕ್ತೀನಿ" ಎಂದರು.

ಅವರು ಹೋದರೆ ಶೆಡ್ಡಿನಲ್ಲಿ ಉಳಿಯುವುದು ನಾನು, ನನ್ನ ಅಳತೆಪಟ್ಟಿ ಮತ್ತು ನನ್ನ ಓದು. ಈ ಮೂರರಿಂದ ಇಲ್ಲಿಯವರೆಗೆ ಯಾರೂ ಗೇಟು ಮಾಡಿದ್ದಿಲ್ಲ.

ಸರಪಳಿ

ಮಷೀನಿನ ಬೆನ್ನಿಗೇ ಗ್ಯಾಸಿನ ಸಿಲಿಂಡರು ಬಂತು. ಟೆಂಪೋದಿಂದ ಇಳಿಸುವಾಗಲೇ ಪಕ್ಕದ ಖಾನಾವಳಿಯವರು ಬಂದು ನಿಂತರು.

"ಅಬ್ಬಾ, ಇಷ್ಟು ದೊಡ್ಡದಾ! ನಮ್ದು ಇವತ್ತು ಖಾಲಿ ಆಯ್ತು ನೋಡಿ. ಸಂಜೆವರೆಗೆ ಕೊಡಿ, ಚಪಾತಿ ಮುಗಿಸಿ ವಾಪಸ್ ತಂದಿಡ್ತೇನೆ."

"ಇದು ಉರಿಯೋ ಗ್ಯಾಸಲ್ಲ" ಎಂದೆ. "ಬೆಂಕಿ ಆರಿಸೋದು. ಸೋಡಾದಲ್ಲಿ ಇರ್ತದಲ್ಲ, ಅದೇ."

"ಬೆಂಕಿ ಆರಿಸೋ ಗ್ಯಾಸು ಇಟ್ಕೊಂಡು ಬೆಂಕಿ ಕೆಲಸ ಮಾಡ್ತೀರಾ?"

"ನಾನೂ ಅದನ್ನ ಕೇಳಾಕತ್ತೇನ್ರಿ" ಎಂದರು ಮೇಸ್ತ್ರಿ, ಒಳಗಿನಿಂದ.

ಮಷೀನಿನ ಜೊತೆ ಬಂದ ದಪ್ಪ ಪುಸ್ತಕದಲ್ಲಿ ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಸರಪಳಿ ಬಿಗಿಯಬೇಕು ಎಂದಿತ್ತು. ಖಾನಾವಳಿಗೂ ನಮಗೂ ನಡುವೆ ಇರುವುದು ಒಂದೇ ಗೋಡೆ. ಅದಕ್ಕೇ ಬಿಗಿದೆ. ಖಾನಾವಳಿಯವರಿಗೆ ಬೇಸರವಾಯಿತು. "ನಮ್ಮ ಓಣೀಲಿ ಯಾರು ಕಳ್ಳರಿದ್ದಾರೆ ಅಂತ ಕಟ್ಟಿದ್ರಿ?"

"ಕಳ್ಳರಿಗಲ್ಲ. ಇದು ಬಿದ್ದು ಮೇಲಿನ ಬಾಯಿ ಮುರೀತು ಅಂದ್ರೆ ತಾನೇ ಓಡಿಹೋಗ್ತದೆ. ಬಾಣದ ಹಾಗೆ. ಗೋಡೆ ಸಿಕ್ಕಿದ್ರೆ ಗೋಡೆ ಒಡ್ಕೊಂಡು."

ಅವರು ಗೋಡೆಯನ್ನು ನೋಡಿದರು. ಗೋಡೆಯ ಆಚೆ ತಮ್ಮ ಗಲ್ಲಾಪೆಟ್ಟಿಗೆ ಎಲ್ಲಿದೆ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮರುದಿನ ಬೆಳಿಗ್ಗೆ ಬಂದು ನೋಡಿದರೆ ಸಿಲಿಂಡರಿಗೆ ಎರಡು ಸರಪಳಿ. ಎರಡನೆಯದಕ್ಕೆ ಬೀಗವೂ ಇತ್ತು. ಕೀಲಿಯನ್ನು ಖಾನಾವಳಿಯವರು ಇಂದಿಗೂ ನನಗೆ ಕೊಟ್ಟಿಲ್ಲ.

ಗಾಳಿ

ಪುಸ್ತಕವನ್ನು ನಾನು ದಿನಕ್ಕಿಷ್ಟು ಎಂದು ಮೇಸ್ತ್ರಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಪುಟ ಮುಗಿದ ಮೇಲೆ "ಅರ್ಥ ಆಯ್ತಾ?" ಎಂದು ಕೇಳುವುದು ರೂಢಿ. ಅವರು ತಲೆ ತಗ್ಗಿಸಿ, ಕೆಲಸದ ಮೇಜಿನ ಕಡೆ ಒಮ್ಮೆ ನೋಡಿ, "ಆಗೇತ್ರಿ" ಎನ್ನುತ್ತಿದ್ದರು. ಆ ತಲೆ ತಗ್ಗಿಸುವಿಕೆಯನ್ನು ನಾನು ವಿನಯ ಎಂದುಕೊಂಡಿದ್ದೆ.

ಒಂದು ಪುಟದಲ್ಲಿ, ಗಾಳಿಯಾಡುವ ಜಾಗದಲ್ಲಿ ಕೆಲಸ ಮಾಡಿ, ಗ್ಯಾಸು ತುಂಬಿಕೊಂಡರೆ ಉಸಿರು ಕಟ್ಟುತ್ತದೆ ಎಂದಿತ್ತು. ಅದರ ಎದುರಿನ ಪುಟದಲ್ಲಿ, ಗಾಳಿ ಬೀಸದ ಜಾಗದಲ್ಲಿ ಕೆಲಸ ಮಾಡಿ, ಗಾಳಿಗೆ ಗ್ಯಾಸು ಹಾರಿಹೋದರೆ ಬೆಸುಗೆ ಕೆಡುತ್ತದೆ ಎಂದಿತ್ತು. ಇಂಥ ಜೋಡಿ ಮಾತುಗಳನ್ನು ನಾನು ಹಿಂದೆ ವೇದಾಂತದ ಪುಸ್ತಕಗಳಲ್ಲಿ ಮಾತ್ರ ನೋಡಿದ್ದೆ.

"ಅಂದ್ರೆ ಗಾಳಿ ಇರಬೇಕು, ಬೀಸಬಾರದು" ಎಂದು ಸಾರಾಂಶ ಹೇಳಿದೆ.

"ಇದು ನಮ್ಮವ್ವ ಹೇಳ್ತಿದ್ದ ಮಾತ್ರೀ" ಎಂದರು ಮೇಸ್ತ್ರಿ. "ಸೊಸಿ ಮನ್ಯಾಗ ಇರಬೇಕು, ಕಾಣಬಾರ್ದು."

ಮೇಸ್ತ್ರಿಯ ಬೆನ್ನ ಹಿಂದೆ ಒಂದು ದೊಡ್ಡ ಫ್ಯಾನು ಬಹಳ ವರ್ಷಗಳಿಂದ ತಿರುಗುತ್ತಿತ್ತು. ಅದನ್ನು ಆರಿಸಲು ಅವರು ಒಪ್ಪಲಿಲ್ಲ. "ಮಷೀನಿಗೆ ಗಾಳಿ ಆಗಂಗಿಲ್ಲ, ನನಗ ಗಾಳಿ ಬೇಕು. ಇಲ್ಲಿ ದುಡಿಯಾವ್ರು ಯಾರ್ರೀ?" ಫ್ಯಾನು ತಿರುಗಿತು, ಬೆಸುಗೆಯೂ ಆಯಿತು. ಆರಿದ ಮೇಲೆ ನೋಡಿದರೆ ಉದ್ದಕ್ಕೂ ತೂತು.

ಅಷ್ಟರಲ್ಲಿ ಗೇಟು ಮಾಡಿಸಲು ಕೊಟ್ಟಿದ್ದ ಮತ್ತಿಘಟ್ಟದ ಭಾವ ಬಂದರು. ಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ನಮ್ಮಲ್ಲಿ ಬೇರೇನೂ ಆಗದವರೆಲ್ಲ ಭಾವ; ಅವರಿಗೆ ನಾನೂ ಭಾವ. ಆ ಬೆಸುಗೆಯನ್ನು ಬೆರಳಿನಿಂದ ಸವರಿ ನೋಡಿದರು.

"ಚೊಲೋ ಬೈಂದು ಭಾವ" ಎಂದು ಹೊಗಳಿದರು. "ಆದರೆ ಆನು ಹೇಳಿದ್ದು ಗೇಟು. ದೋಸೆ ಅಲ್ಲ."

ಫ್ಯಾನನ್ನು ಮೂಲೆಗೆ ಸರಿಸಿ, ಗೋಡೆಯ ಕಡೆ ಮುಖ ಮಾಡಿಸಿ, ಬೆಸುಗೆಯ ಬದಿಗೊಂದು ತಗಡು ಅಡ್ಡ ನಿಲ್ಲಿಸಿದೆ. ಬೆಸುಗೆ ಸರಿಹೋಯಿತು. ಗಾಳಿ ಯಾವ ಕಡೆಯಿಂದ ತಾಗಿದರೆ ಏನು ಹಾಳಾಗುತ್ತದೆ ಎಂದು ಭಾವನಿಗೆ ವಿವರವಾಗಿ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆಗ ನನಗೆ ಸಂತೋಷವೇ ಆಗಿತ್ತು.

ಕಣ್ಣು

ಭಾವ ದಿನವೂ ಬರತೊಡಗಿದರು. ಬೆಸೆಯುವ ಬೆಳಕನ್ನು ಬರಿಗಣ್ಣಿನಲ್ಲಿ ನೋಡಬೇಡಿ, ಸಂಜೆಗೆ ಕಣ್ಣಿನಲ್ಲಿ ಮರಳು ಹೊಯ್ದ ಹಾಗಾಗುತ್ತದೆ ಎಂದೆ. ಮರುದಿನ ಅವರು ತಮ್ಮ ಮೊಣಕಾಲಿನ ಹಳೆಯ ಎಕ್ಸರೇ ಹಾಳೆ ತಂದರು. "ಗ್ರಹಣ ನೋಡಿದ್ದೂ ಇದರಲ್ಲೇಯಾ."

ಅದರಲ್ಲಿ ಗ್ರಹಣವನ್ನೂ ನೋಡಬಾರದು, ಇದನ್ನಂತೂ ನೋಡಲೇಬಾರದು ಎಂದೆ. "ಇದು ಗ್ರಹಣ ಅಲ್ಲ."

"ಎಂತ ಅಲ್ಲ? ಗೇಟಿಗೆ ಹಿಡದು ಎಷ್ಟು ದಿನ ಆತು, ಇನ್ನೂ ಬಿಟ್ಟಿದ್ದಿಲ್ಲೆ."

ಅವರನ್ನು ತಗಡಿನ ಆಚೆ, ರಸ್ತೆ ಕಾಣುವಂತೆ ಕೂರಿಸಿದೆ.

ಮೇಸ್ತ್ರಿಗೆ ಹೊಸ ಬಗೆಯ ಮುಸುಕು ತರಿಸಿದ್ದೆ. ಸುಮ್ಮನಿದ್ದಾಗ ಅದರ ಗಾಜಿನಲ್ಲಿ ಎಲ್ಲ ಕಾಣುತ್ತದೆ. ಕಿಡಿ ಹೊತ್ತಿದ ಕೂಡಲೇ ತಾನಾಗಿ ಕಪ್ಪಾಗುತ್ತದೆ. ಚರ್ಮದ ಕೈಗವಸು, ಬೂಟು, ತುಂಬುತೋಳಿನ ಹತ್ತಿ ಅಂಗಿ ಎಲ್ಲವನ್ನೂ ಅವರು ಗೊಣಗುತ್ತ ಹಾಕಿಕೊಂಡರು. ಮುಸುಕಿನ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಆದರೆ ಬೆಸುಗೆ ಹಿಡಿದ ದಾರಿ ವಿಚಿತ್ರ. ಸಂದಿಯಲ್ಲಿ ಹೊರಟು, ನಡುವೆ ಸಂದಿಯನ್ನು ಬಿಟ್ಟು, ಯಲ್ಲಾಪುರದ ಘಟ್ಟದ ರಸ್ತೆಯ ಹಾಗೆ ತಿರುಗಿ, ಬೇರೆಲ್ಲೋ ಹೋಗಿ ನಿಲ್ಲುತ್ತಿತ್ತು. ತಂತಿಯ ವೇಗ ಬದಲಿಸಿದೆ. ಕರೆಂಟು ಬದಲಿಸಿದೆ. ಪುಸ್ತಕದಲ್ಲಿ ಎರಡು ಅಧ್ಯಾಯ ಮತ್ತೆ ಓದಿದೆ. ಕೊನೆಗೆ ಮೇಸ್ತ್ರಿಯನ್ನೇ ಕೇಳಿದೆ.

"ಗೆರೆ ಯಾಕೆ ಮೇಸ್ತ್ರಿ ಹೀಗೆ ಓಡ್ತದೆ?"

"ನನಗೇನ್ ಗೊತ್ರೀ? ನಾ ನೋಡಿಲ್ಲ."

ಬೆಳಕು ಬಂದ ಮೇಲೆ ಕಪ್ಪಾಗುವ ಗಾಜನ್ನು ಅವರು ನಂಬಿರಲಿಲ್ಲ. ಗುಂಡಿ ಒತ್ತುವ ಮುಂಚೆ ಕಣ್ಣು ಮುಚ್ಚುತ್ತಿದ್ದರು; ಬಿಟ್ಟ ಮೇಲೆ ತೆರೆಯುತ್ತಿದ್ದರು. ಮುಸುಕಿನ ಒಳಗೆ ಇದು ಯಾರಿಗೂ ಕಾಣುವಂತಿರಲಿಲ್ಲ.

"ಕಣ್ಣು ಮುಚ್ಚಿ ಇಷ್ಟು ಚಂದ ಬಂದೈತಲ್ರೀ" ಎಂದರು, ಬೆಸುಗೆಯನ್ನು ನೋಡುತ್ತ, ಸ್ವಲ್ಪ ಹೆಮ್ಮೆಯಿಂದಲೇ.

ಎಣ್ಣೆ

ಕಣ್ಣು ತೆರೆದ ಮೇಲೆ ಗೆರೆ ನೆಟ್ಟಗಾಯಿತು. ಆದರೆ ಬೆಸುಗೆ ಕಬ್ಬಿಣಕ್ಕೆ ಇಳಿಯುತ್ತಿರಲಿಲ್ಲ, ಮೇಲೆ ಉಂಡೆಯಾಗಿ ಕೂರುತ್ತಿತ್ತು. ಮಷೀನಿಗೆ ಎರಡು ತಿರುಗಣೆ: ಒಂದು ವೋಲ್ಟೇಜಿಗೆ, ಒಂದು ತಂತಿಯ ವೇಗಕ್ಕೆ. ಎರಡೂ ಹೊಂದಬೇಕು. ಕೋಷ್ಟಕ ನೋಡಿ ಹೊಂದಿಸಿದೆ. ಕೋಷ್ಟಕ ಬರೆದವರಿಗೆ ನಮ್ಮ ರಸ್ತೆಯ ಮಧ್ಯಾಹ್ನದ ಕರೆಂಟು ಗೊತ್ತಿರಲಿಲ್ಲ.

ಮೇಸ್ತ್ರಿ ಗುಂಡಿ ಒತ್ತಿದರು. ಟಪ್, ಟಪ್, ಟಪ್.

"ಎಣ್ಣೆ ಕಾದಿಲ್ಲ!" ಎಂದು ಗೋಡೆಯ ಆಚೆಯಿಂದ ಖಾನಾವಳಿಯವರು ಕೂಗಿದರು.

ನಾವಿಬ್ಬರೂ ಮುಖ ನೋಡಿಕೊಂಡೆವು. ನಾನು ವೋಲ್ಟೇಜನ್ನು ಸ್ವಲ್ಪ ಏರಿಸಿದೆ.

"ಇನ್ನೂ ಕಾಯ್ಲಿ!"

ಇನ್ನಷ್ಟು ಏರಿಸಿದೆ. ಸದ್ದು ಒಂದೇ ಸಮನಾಗಿ, ಹಪ್ಪಳ ಕರಿದ ಹಾಗೆ ಚುರುಚುರು ಎನ್ನತೊಡಗಿತು. ಬೆಸುಗೆ ಸಪಾಟಾಗಿ ಒಳಗಿಳಿಯಿತು. ಧನ್ಯವಾದ ಹೇಳಲು ಆಚೆ ಹೋದೆ. ಅವರು ಬಾಣಲೆಯ ಮುಂದೆ ಬೆವರುತ್ತ, ಹೊಸ ಅಡುಗೆಯವನನ್ನು ಬೈಯುತ್ತಿದ್ದರು. ನಮ್ಮ ಮಷೀನಿನ ಸದ್ದು ಅವರ ಕಿವಿಗೇ ಬಿದ್ದಿರಲಿಲ್ಲ.

ಅರ್ಥ

ತಿಂಗಳು ಮುಗಿಯುತ್ತ ಬಂತು. ಗೇಟಿನ ಕೊನೆಯ ಪಟ್ಟಿ ಬಾಕಿ. ಮೇಸ್ತ್ರಿ ಊರಿಗೆ ಹೋಗುವ ಮಾತನ್ನು ಆಡಿರಲಿಲ್ಲ, ಬಿಟ್ಟೂ ಇರಲಿಲ್ಲ. ಬೆಳಿಗ್ಗೆ ಮಾತ್ರ, "ಇವತ್ತು ಗೇಟ್ ಮುಗಿಸಿ ಹೇಳ್ತೀನ್ರಿ" ಎಂದಿದ್ದರು.

ಭಾವ ಬೇಗನೆ ಬಂದು ತಗಡಿನ ಆಚೆ ಕೂತರು. ಮನೆಯಲ್ಲಿ ಮಾಡಿದ ತೊಡೆದೇವು ತಂದಿದ್ದರು. ಕಾಗದದಷ್ಟು ತೆಳುವಾದ ಸಿಹಿ, ಗರಿಗರಿಯಾಗಿರುವಾಗಲೇ ತಿನ್ನಬೇಕು. ಗೇಟು ಮುಗಿದ ಮೇಲೆ ಕೊಡುತ್ತೇನೆಂದು ಅದಿದ್ದ ಪ್ಲಾಸ್ಟಿಕ್ ಚೀಲವನ್ನು, ನಮ್ಮ ಮಾತಿನಲ್ಲಿ ಕೊಟ್ಟೆಯನ್ನು, ತೊಡೆಯ ಮೇಲೆ ಇಟ್ಟುಕೊಂಡರು. ಮಷೀನು ಆರಿಸಿ, ನಾನೂ ಮೇಸ್ತ್ರಿಯೂ ಚಹಾಕ್ಕೆ ಹೋಗಿಬಂದೆವು.

ಮೇಸ್ತ್ರಿ ಮುಸುಕು ಇಳಿಸಿ ಗುಂಡಿ ಒತ್ತಿದರು. ತಂತಿ ಬಂತು. ಗ್ಯಾಸು ಬುಸ್ ಎಂದಿತು. ಕಿಡಿ ಇಲ್ಲ. ಇನ್ನೊಮ್ಮೆ ಒತ್ತಿದರು. ಇಲ್ಲ. ಮುಸುಕು ಎತ್ತಿ, ಮೆಲ್ಲಗೆ ಹೇಳಿದರು: "ಮಾಲಕ್ರ, ಅರ್ಥ ಆಗವಲ್ದು."

ಇಷ್ಟು ವರ್ಷಗಳಲ್ಲಿ ಈ ಮನುಷ್ಯ ತನಗೆ ಏನಾದರೂ ಅರ್ಥವಾಗಲಿಲ್ಲ ಎಂದು ಒಪ್ಪಿಕೊಂಡಿದ್ದೇ ಇಲ್ಲ. ಈಗ ನಾನು ಸರಿಯಾಗಿ ನಡೆದುಕೊಂಡರೆ ಅವರು ಉಳಿಯುತ್ತಾರೆ ಅನಿಸಿತು. ಪುಸ್ತಕ ತಂದೆ.

"ಪರವಾಗಿಲ್ಲ ಮೇಸ್ತ್ರಿ, ಕೂತ್ಕೊಳ್ಳಿ. ಮೊದಲಿಂದ ನೋಡೋಣ."

"ಅಲ್ರೀ, ಅರ್ಥ ಎಲ್ಲಿ ಹೋತು ನೋಡ್ತೀನಿ" ಎಂದು ಏಳಹೊರಟರು.

ಹೆಗಲು ಹಿಡಿದು ಕೂರಿಸಿದೆ. "ಅರ್ಥ ಎಲ್ಲೂ ಹೋಗೋದಿಲ್ಲ. ನಾವೇ ಅದರ ಹತ್ತಿರ ಹೋಗಬೇಕು."

"ಬೆಳಿಗ್ಗೆ ಗೇಟಿಗೆ ಇತ್ತಲ್ರೀ!"

"ಗೇಟಿನಲ್ಲಿ ಇರೋದಿಲ್ಲ. ಇದರಲ್ಲಿ ಇರ್ತದೆ" ಎಂದು ಪುಸ್ತಕ ತಟ್ಟಿದೆ.

ಮೇಸ್ತ್ರಿ ನನ್ನನ್ನು ಜ್ವರ ಬಂದವರನ್ನು ನೋಡುವ ಹಾಗೆ ನೋಡಿದರು. ನಾನು ಮೊದಲ ಪುಟದಿಂದ, ಬಹಳ ಪ್ರೀತಿಯಿಂದ, ಓದತೊಡಗಿದೆ. ವಿದ್ಯುತ್ತಿನ ಅಧ್ಯಾಯ ಬಂದಾಗ ತಗಡಿನ ಆಚೆಯಿಂದ ಭಾವನ ದನಿ ಬಂತು. "ಪುರಾಣ ಸಾಕು ಭಾವ. ಗೇಟು ಮುಗಿಯ ಹೊತ್ತಿಗೆ ತೊಡೆದೇವು ಮೆತ್ತಗಾಗ್ತು. ಮೊದಲು ತಿನ್ನಿ."

ಕೊಟ್ಟೆ ಹಿಡಿದುಕೊಂಡು ಬಂದರು. ಅದರ ಬಾಯಿಯನ್ನು ಮೊಸಳೆಯ ಹಲ್ಲಿನಂಥ ಒಂದು ದೊಡ್ಡ ಕ್ಲಾಂಪು ಕಚ್ಚಿ ಹಿಡಿದಿತ್ತು. ಕ್ಲಾಂಪಿನ ಹಿಂದೆ ಬಾಲದಂತೆ ದಪ್ಪ ಕೇಬಲ್ಲು ಎಳೆದುಕೊಂಡು ಬರುತ್ತಿತ್ತು.

"ಅಲ್ಲೈತಿ ನೋಡ್ರಿ ಅರ್ಥ!" ಎಂದು ಮೇಸ್ತ್ರಿ ಹಾರಿ ನಿಂತರು.

ಕರೆಂಟು ಸುತ್ತಿ ವಾಪಸ್ ಬರಲು ಕಬ್ಬಿಣಕ್ಕೆ ಕಚ್ಚಿಸುವ ಈ ಅರ್ಥಿಂಗ್ ಕ್ಲಾಂಪಿಗೆ ಶೆಡ್ಡಿನಲ್ಲಿ ಎಲ್ಲರೂ 'ಅರ್ಥ' ಎನ್ನುತ್ತಾರೆ. ನನಗೂ ಗೊತ್ತು. ಆದರೆ ಪುಸ್ತಕ ಕೈಗೆ ಬಂದರೆ ನನಗೆ ಶೆಡ್ಡು ಮರೆಯುತ್ತದೆ.

"ನೀನೇ ಹೇಳಿದ್ಯಲ ಭಾವ, ಗಾಳಿ ತಾಗಿದ್ರೆ ಹಾಳಾಗ್ತು ಹೇಳಿ" ಎಂದರು ಭಾವ. "ಗೇಟಿಗೆ ಸುಮ್ಮನೆ ಕಚ್ಚಿಕಂಡು ಇತ್ತು. ಬಿಗಿ ಚೊಲೋ ಇದ್ದು."

ಅರ್ಥವನ್ನು ಗೇಟಿಗೆ ಮರಳಿ ಕಚ್ಚಿಸಿದೆವು. ಮೇಸ್ತ್ರಿ ಕಣ್ಣು ತೆರೆದುಕೊಂಡೇ ಗುಂಡಿ ಒತ್ತಿದರು. ಹಪ್ಪಳ ಕರಿದ ಸದ್ದು. ಗೆರೆ ಅಡ್ಡಾದಿಡ್ಡಿ ಇಲ್ಲ, ತೂತಿಲ್ಲ. ಕೊನೆಯ ಪಟ್ಟಿ ಕೂತಿತು.

ನನಗೆ ಒಂದು ಸಂಶಯ ಉಳಿದಿತ್ತು. "ಮೇಸ್ತ್ರಿ, ಇಷ್ಟು ದಿನ ನಾನು ಪುಟ ಓದಿ ಅರ್ಥ ಆಯ್ತಾ ಅಂತ ಕೇಳಿದಾಗೆಲ್ಲ..."

"ಕ್ಲಾಂಪ್ ನೋಡಿ ಹೇಳ್ತಿದ್ದೆ ರೀ. ಬಿಗಿಯಾಗಿ ಕುಂತಿರ್ತಿತ್ತು, ಆಗೇತಿ ಅಂತಿದ್ದೆ."

"ಮತ್ತೆ ನಾನು ಓದಿದ್ದು?"

"ಅದು ನೀವು ನಿಮಗ ಓದ್ಕೊಳ್ಳಾಕತ್ತೀರಿ ಅಂದ್ಕೊಂಡಿದ್ದೆ."

ಪುಸ್ತಕ ಮುಚ್ಚಿ, ಗೋವಿನಜೋಳದ ವಿಷಯ ಕೇಳಿದೆ.

"ಹೆಂಗ ಹೋಗ್ಲಿರೀ?" ಎಂದರು ಮೇಸ್ತ್ರಿ, ಮಷೀನಿನ ಮೇಲಿನ ಧೂಳು ಒರೆಸುತ್ತ. "ಇದರದ್ದೇನು ತಪ್ಪೈತಿ? ಇದನ್ನ ನಿಮ್ಮಿಬ್ಬರ ಕೈಯಾಗ ಬಿಟ್ಟು ಹೋದ್ರ ದೇವ್ರು ಮೆಚ್ಚಂಗಿಲ್ಲ."

ಭಾವ ಕೊಟ್ಟೆಯ ತೆರೆದ ಬಾಯಿಯನ್ನು ಕೈಯಿಂದ ಹಿಡಿದು ನಿಂತಿದ್ದರು. "ಹಂಗಾರೆ ಇದಕ್ಕೆ ಎಂತ ಹಾಕದು? ಗಾಳಿ ಹೋಗ್ತಲ."

ಮೇಸ್ತ್ರಿ ಸುತ್ತಲೂ ನೋಡಿದರು. ಅವರ ಕಣ್ಣು ನನ್ನ ಕೈಯಲ್ಲಿದ್ದ ಪುಸ್ತಕದ ಮೇಲೆ ನಿಂತಿತು.

"ಬಾಯಿ ಮಡಚಿ ಅದರ ಮ್ಯಾಲ ಮಾಲಕ್ರ ಪುಸ್ತಕ ಇಡ್ರಿ. ಛಲೋ ಭಾರ ಐತಿ."