ಮೇಡಮ್ಮಿನ ಪಿಎಚ್.ಡಿ.ಯೂ ನಮ್ಮ ಕಂಪ್ಯೂಟರೂ

'ಚಪ್ಪಲಿ ಹೊರಗೆ ಬಿಟ್ಟು ಬನ್ನಿ' ಎಂದು ನಮ್ಮ ಕಂಪ್ಯೂಟರ್ ಕೇಂದ್ರದ ಬಾಗಿಲಿಗೆ ಬೋರ್ಡು ಹಾಕಿದ್ದೆವು. ಜನ ಚಪ್ಪಲಿಯನ್ನೇನೋ ಬಿಡುತ್ತಿದ್ದರು, ಅಭ್ಯಾಸಗಳನ್ನು ಮಾತ್ರ ಹಾಕಿಕೊಂಡೇ ಒಳಗೆ ಬರುತ್ತಿದ್ದರು. ಹಾಗಾಗಿ ಅಲ್ಲಿ ವಾರಕ್ಕೊಂದಾದರೂ ಏನಾದರೂ ನಡೆಯದೆ ಇರುತ್ತಿರಲಿಲ್ಲ.

ಇದು ಎಂಬತ್ತರ ದಶಕದ ಕೊನೆಯ ಮಾತು. ಮುಂಬಯಿಯ ಒಂದು ವಿಶ್ವವಿದ್ಯಾಲಯದಲ್ಲಿ, ಕಂಪ್ಯೂಟರ್ ಬಳಸಲು ಬರುವ ಅಧ್ಯಾಪಕರಿಗೂ ಸಂಶೋಧಕರಿಗೂ ನೆರವಾಗುವುದು ನನ್ನ ಕೆಲಸ. ಮೈಸೂರಿನಿಂದ ಹೋದವನು ನಾನು, ಕಾಂದಿವಲಿಯಲ್ಲಿ ಬಿಡಾರ. ನೆರವು ಎಂದರೆ ಬೈಗುಳವನ್ನು ನುಂಗಿಕೊಂಡು ನಗುವುದು ಎಂದು ಮೊದಲ ತಿಂಗಳಲ್ಲೇ ಅರ್ಥವಾಗಿತ್ತು. ನನ್ನ ಮೇಲೆ ಒಬ್ಬ ಮುಖ್ಯಸ್ಥರು. ಪುಣೆಯವರು, ನಿಯಮದ ಪುಸ್ತಕ ನೋಡದೆ ಕೆಮ್ಮುತ್ತಲೂ ಇರಲಿಲ್ಲ.

ನಮ್ಮಲ್ಲಿಗೆ ಬರುತ್ತಿದ್ದವರಲ್ಲಿ ನನಗೆ ತುಂಬ ಬೇಕಾದವರೆಂದರೆ ಗೋರೆಗಾಂವ್‌ನ ಮೇಡಂ. ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು. ಉಡುಪಿ ಕಡೆಯವರು. ಅವರ ಯಜಮಾನರದು ಸ್ಟೇಷನ್ ಹತ್ತಿರ ಒಂದು ಹೋಟೆಲು. ಮುಂಬಯಿಯ ಹೋಟೆಲ್ ಕೆಲಸಗಾರರ ಬದುಕಿನ ಬಗ್ಗೆ ಮೇಡಂ ಪಿಎಚ್.ಡಿ. ಮಾಡುತ್ತಿದ್ದರು. ಎರಡು ಸಲ ಅವಧಿ ವಿಸ್ತರಣೆಯಾಗಿ, ಮೂರನೆಯದು ಇಲ್ಲವೆಂದು ಪತ್ರ ಬಂದಿತ್ತು. ಮುಂದಿನ ಗಣೇಶ ಚೌತಿಯ ಹಿಂದಿನ ದಿನದೊಳಗೆ ಪ್ರಬಂಧ ಒಪ್ಪಿಸದಿದ್ದರೆ ಏಳು ವರ್ಷದ ದುಡಿಮೆ ನೀರುಪಾಲು. ಅವರು ಅದನ್ನು ದಿನಕ್ಕೊಮ್ಮೆ ನನಗೆ ಹೇಳುತ್ತಿದ್ದರು, ನಾನು ದಿನಕ್ಕೊಮ್ಮೆ ಹೆದರುತ್ತಿದ್ದೆ.

ಎಲ್ಲಿ ಇಳಿಯುತ್ತೀರಿ?

ನಮ್ಮಲ್ಲಿದ್ದದ್ದು ಆರು ಕಂಪ್ಯೂಟರ್, ಬರುತ್ತಿದ್ದವರು ಅರವತ್ತು ಜನ. ರಿಜಿಸ್ಟರಿನಲ್ಲಿ ಹೆಸರು ಬರೆಸಿ ಗಂಟೆ ಹಿಡಿದು ಕೂರಬೇಕು. ಆದರೆ ಲೋಕಲ್ ರೈಲಿನಲ್ಲಿ ಓಡಾಡುವ ಜನಕ್ಕೆ ರಿಜಿಸ್ಟರಿನ ಮೇಲೆ ಭರವಸೆ ಇರುವುದಿಲ್ಲ. ರಸಾಯನಶಾಸ್ತ್ರದವರು ಕುರ್ಚಿಯ ಮೇಲೆ ಕರವಸ್ತ್ರ ಎಸೆದು ಕ್ಯಾಂಟೀನಿಗೆ ಹೋಗುತ್ತಿದ್ದರು. ಒಂದೇ ಕುರ್ಚಿಯಲ್ಲಿ ಇಬ್ಬರು ಅರ್ಧರ್ಧ ಕೂತು ಟೈಪು ಮಾಡಿದ್ದನ್ನೂ ಕಂಡಿದ್ದೇನೆ.

ಒಂದು ದಿನ ಮೇಡಂ ಬಂದಾಗ ಆರೂ ಕುರ್ಚಿ ಭರ್ತಿ. ಮೇಡಮ್ಮಿನ ಗಂಟೆ ಶುರುವಾಗಿದೆ, ಆದರೂ ಅವರ ಕುರ್ಚಿಯಲ್ಲಿದ್ದ ತತ್ವಶಾಸ್ತ್ರದ ಹಿರಿಯ ಪ್ರಾಧ್ಯಾಪಕರು ಏಳುವ ಲಕ್ಷಣವಿಲ್ಲ. ಮೇಡಂ ಹದಿನೈದು ವರ್ಷ ಲೇಡೀಸ್ ಡಬ್ಬದಲ್ಲಿ ಪ್ರಯಾಣ ಮಾಡಿದವರು. ಕೂತವರು ಇಳಿಯುವ ಸ್ಟೇಷನ್ ಕೇಳಿ ಸೀಟು ಕಾಯ್ದಿರಿಸುವುದು ಅಲ್ಲಿನ ಪದ್ಧತಿ. ಅವರು ಪ್ರಾಧ್ಯಾಪಕರ ಬೆನ್ನ ಹಿಂದೆ ನಿಂತು, ಬಾಯಿಗೆ ಬಂದದ್ದನ್ನೇ ಕೇಳಿಬಿಟ್ಟರು:

"ಆಪ್ ಕಹಾಂ ಉತರೇಂಗೆ?"

ಪ್ರಾಧ್ಯಾಪಕರು ಪರದೆಯಿಂದ ಕಣ್ಣು ಕೀಳದೆ "ದಾದರ್" ಎಂದರು.

ಮೇಡಂ ನಾಲಿಗೆ ಕಚ್ಚಿಕೊಂಡರು. ನಾನು ನಗು ತಡೆಯಲು ಪ್ರಿಂಟರಿನ ಹಿಂದೆ ಹೋದೆ. ಅರ್ಧ ನಿಮಿಷದ ಮೇಲೆ ಪ್ರಾಧ್ಯಾಪಕರು ಬೆಚ್ಚಿ ಎದ್ದರು, ಕೈಚೀಲ ಎದೆಗೆ ಅವಚಿಕೊಂಡು ಬಾಗಿಲಿನ ಕಡೆ ನುಗ್ಗಿದರು. ಹೊರಗೆ ಹೋಗಿ ಚಪ್ಪಲಿ ಹಾಕಿಕೊಂಡಮೇಲೇ ಅವರಿಗೆ, ತಾವು ಇನ್ನೂ ರೈಲು ಹತ್ತಿಯೇ ಇಲ್ಲ ಎಂದು ಹೊಳೆದದ್ದು.

ವಯಸ್ಸು ಖಾಲಿ!

ಮೇಡಂ ಹೋಟೆಲ್ ಹೋಟೆಲ್ ಅಲೆದು ನಾನೂರು ಜನರಿಂದ ಪ್ರಶ್ನಾವಳಿ ತುಂಬಿಸಿಕೊಂಡಿದ್ದರು. ಊರು, ವಯಸ್ಸು, ಹೆಂಡತಿ ಮಕ್ಕಳು, ಎಷ್ಟು ಹೋಟೆಲ್ ಬದಲಾಯಿಸಿದ್ದು, ಎಲ್ಲವನ್ನೂ ಕಂಪ್ಯೂಟರಿಗೆ ಅಂಕಿಯಾಗಿ ಊಡಬೇಕು. ಒಬ್ಬರು ಓದಬೇಕು, ಒಬ್ಬರು ಒತ್ತಬೇಕು. ಓದಲು ನನಗೆ ಪುರುಸೊತ್ತಿಲ್ಲ ಎಂದೆ.

ಮರುದಿನ ಅವರು ತಮ್ಮ ಹೋಟೆಲಿನ ಹಿರಿಯ ಸಪ್ಲೈಯರನ್ನು ಕರೆದುಕೊಂಡು ಬಂದರು. ಐವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಬಟ್ಟೆ. "ಇವರು ಹತ್ತು ಟೇಬಲಿನ ಆರ್ಡರ್ ಬರೆದುಕೊಳ್ಳದೆ ಹೇಳ್ತಾರೆ ಮಾರಾಯ್ರೆ, ತಪ್ಪೋದೇ ಇಲ್ಲ" ಎಂದರು ಮೇಡಂ.

ತಪ್ಪಲಿಲ್ಲ, ನಿಜ. ಆದರೆ ಅವರಿಗೆ ಗೊತ್ತಿದ್ದದ್ದು ಒಂದೇ ದನಿ. ಅದು ಹಜಾರದಿಂದ ಅಡುಗೆಮನೆಗೆ ಮುಟ್ಟುವ ದನಿ.

"ಎರಡೂ... ಮೂರೂ... ಒಂದು ನಾಲ್ಕೂ...!"

ಎ.ಸಿ.ಯ ಗುಂಯ್‌ಗುಟ್ಟುವಿಕೆ ಬಿಟ್ಟರೆ ಸದ್ದೇ ಇಲ್ಲದ ಕೋಣೆ ಬೆಚ್ಚಿಬಿತ್ತು. ಎಲ್ಲಾದರೂ ಉತ್ತರ ಬರೆಯದೆ ಬಿಟ್ಟಿದ್ದರೆ ಅವರು ಇಡ್ಲಿ ಮುಗಿದಾಗ ಕೂಗುವ ಹಾಗೆ "ವಯಸ್ಸು ಖಾಲೀ!" ಎನ್ನುತ್ತಿದ್ದರು. ಮುಂದಿನ ಹಾಳೆಗೆ, "ಹೆಂಡತಿ ಖಾಲೀ!"

ಮುಖ್ಯಸ್ಥರು ನಿಯಮದ ಪುಸ್ತಕ ಹಿಡಿದು ಹೊರಗೆ ಬಂದರು. ಪುಟ ತಿರುವಿದರು. ಕೋಣೆಯಲ್ಲಿ ತಿನ್ನಬಾರದು, ಸೇದಬಾರದು ಎಂದಿತ್ತು. ಕೂಗಬಾರದು ಎಂದು ಎಲ್ಲೂ ಇರಲಿಲ್ಲ. ಪಾಪ, ಬಂದ ದಾರಿಯಲ್ಲೇ ಹೋದರು.

ವಾರದ ಕೊನೆಗೆ ತಾಳೆ ನೋಡಿದರೆ ನಾನೂರು ಹಾಳೆಯಲ್ಲಿ ಒಂದೂ ತಪ್ಪಿಲ್ಲ. ಅಷ್ಟು ದಿನ ಕಿವಿ ಮುಚ್ಚಿಕೊಂಡು ಗೊಣಗಿದ್ದ ಸಂಶೋಧಕರಿಬ್ಬರು ಮೆಲ್ಲಗೆ ನನ್ನ ಮೇಜಿನ ಹತ್ತಿರ ಬಂದು, ಆ ಸಪ್ಲೈಯರನ್ನು ಗಂಟೆಯ ಲೆಕ್ಕದಲ್ಲಿ ಹಿಡಿಯಲು ಯಾವ ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು ಎಂದು ಕೇಳಿದರು.

ಐದನೇ ಅಧ್ಯಾಯ

ಲೆಕ್ಕಾಚಾರ ಮುಗಿದು ಕೋಷ್ಟಕಗಳು ಅಚ್ಚಾಗಿ ಬಂದವು. ಒಂದಕ್ಕೊಂದು ಅಂಟಿಕೊಂಡ ಅಗಲವಾದ ಹಾಳೆ, ಬಿಡಿಸಿದರೆ ಮನೆಯಿಂದ ಬೀದಿಯವರೆಗೆ ಬರುತ್ತಿತ್ತು. ಮೇಡಂ ಅದನ್ನು ಮನೆಗೆ ಒಯ್ದು ಮೇಜಿನ ಮೇಲಿಟ್ಟು ಕಾಲೇಜಿಗೆ ಹೋದರು. ಅವರ ಅತ್ತೆ ಆ ದಿನ, ಮಳೆಗಾಲ ಹಿಡಿಯುವ ಮೊದಲೆಂದು, ಉದ್ದಿನ ಹಪ್ಪಳ ಒತ್ತಿದ್ದರು. ಕಾಗದ ನೋಡಿ ಅವರ ಕಣ್ಣು ತುಂಬಿ ಬಂತಂತೆ. ಬಿಲ್ಡಿಂಗಿನ ಟೆರೇಸಿನ ಈ ತುದಿಯಿಂದ ಆ ತುದಿಗೆ ಹಾಸಿ, ಹಪ್ಪಳ ಹರವಿದರು.

ಸಂಜೆ ಬಂದ ಸೊಸೆಗೆ ಅವರು ಹೇಳಿದ್ದು ಇಷ್ಟು: "ಎಂಥಾ ಕಾಗದ ಮಗಾ! ಎಲ್ಲಿಯೂ ತುಂಡಿಲ್ಲ. ಇನ್ನೂ ಉಂಟಾ?"

ಮತ್ತೆ ಅಚ್ಚು ಹಾಕಿಸಲು ಹದಿನೈದು ದಿನ ಸರದಿ. ಚೌತಿ ಹತ್ತಿರ ಬರುತ್ತಿತ್ತು. ಮೇಡಂ ಕಣ್ಣೊರೆಸಿಕೊಂಡು, ದುಂಡು ದುಂಡು ಕಲೆಗಳಿದ್ದ ಅದೇ ಹಾಳೆಗಳನ್ನು ಮಾರ್ಗದರ್ಶಕರಿಗೆ ಕೊಟ್ಟು ಬಂದರು.

ಮಾರ್ಗದರ್ಶಕರು ಎಂದೂ ಯಾರನ್ನೂ ಹೊಗಳಿದವರಲ್ಲ. ಮರುವಾರ ಮೇಡಮ್ಮನ್ನು ಕರೆಸಿ, "ಭೇಷ್! ಮುಖ್ಯವಾದ ಅಂಕಿಗಳಿಗೆ ನೀವೇ ಸುತ್ತು ಹಾಕಿದ್ದೀರಿ. ಇವನ್ನೇ ಇಟ್ಟುಕೊಂಡು ಇನ್ನೊಂದು ಅಧ್ಯಾಯ ಬರೆಯಿರಿ" ಎಂದರು. ಪ್ರಬಂಧದ ಐದನೇ ಅಧ್ಯಾಯ ಅದು. ಆ ಅಂಕಿಗಳನ್ನು ಆಯ್ಕೆ ಮಾಡಿದ್ದು ಅತ್ತೆ ಎಂದು ನಮಗಿಬ್ಬರಿಗೇ ಗೊತ್ತು.

ಭದ್ರವಾದ ಜಾಗ

ಚೌತಿಗೆ ಎಂಟು ದಿನವಿತ್ತು. ಪ್ರಬಂಧ ಪೂರ್ತಿ ನಮ್ಮ ಕಂಪ್ಯೂಟರಿನಲ್ಲಿತ್ತು, ಸರದಿಯೂ ಬಂದಿತ್ತು, ಅಚ್ಚು ಹಾಕುವುದೊಂದೇ ಬಾಕಿ. ಆ ಬೆಳಿಗ್ಗೆ ಯಂತ್ರದ ಡಿಸ್ಕ್ ಕೈಕೊಟ್ಟಿತು. ಒಳಗಿದ್ದದ್ದೆಲ್ಲ ಹೋಯಿತು.

ಮೇಡಮ್ಮಿನ ಮುಖ ಬಿಳಿಚಿಕೊಂಡಿತು. "ಹೆದರಬೇಡಿ ಮೇಡಂ, ನಿಯಮದ ಪ್ರಕಾರ ಒಂದು ನಕಲು ಫ್ಲಾಪಿಯಲ್ಲಿ ತೆಗೆದಿಟ್ಟಿದ್ದೇವೆ" ಎಂದು ನಾನು ಜಂಬದಿಂದ ಸ್ಟೀಲ್ ಕಪಾಟಿನ ಬೀಗ ತೆಗೆದೆ. ಆಗಿನ ಫ್ಲಾಪಿ ಅಂಗೈಗಿಂತ ಅಗಲ, ತೆಳ್ಳಗೆ, ನಡುವೆ ಒಂದು ದೊಡ್ಡ ತೂತು. ಹೊರಗೆ ತೆಗೆದರೆ ಮೇಲೆಲ್ಲ ಬೂಷ್ಟು. ಮಳೆಗಾಲದ ತೇವ ನಮ್ಮ ಬೀಗಕ್ಕೆ ಸೊಪ್ಪು ಹಾಕಿರಲಿಲ್ಲ. ಯಂತ್ರ ಅದನ್ನು ಓದಲಿಲ್ಲ. ನನಗೆ ಅವರ ಮುಖ ನೋಡಲು ನಾಚಿಕೆಯಾಯಿತು.

"ನಿಮಗೆ ಇನ್ನೊಂದು ಪ್ರತಿ ಕೊಟ್ಟಿದ್ದೆನಲ್ಲ?"

"ಮನೆ ಸೋರುತ್ತದೆ ಅಂತ ಇವರ ಕೈಯಲ್ಲಿ ಕೊಟ್ಟೆ. ಹೋಟೆಲಿನಲ್ಲಿ ಭದ್ರವಾಗಿಡಿ ಅಂದೆ."

ಇಬ್ಬರೂ ಲೋಕಲ್ ಹಿಡಿದು ಗೋರೆಗಾಂವ್‌ಗೆ ಓಡಿದೆವು. ಗಲ್ಲಾದ ಮೇಲೆ ಕೂತಿದ್ದ ಯಜಮಾನರು ಶಾಂತವಾಗಿ ಹೇಳಿದರು, "ಭದ್ರವಾಗಿ ಉಂಟು." ಬೆರಳು ಮೇಲಕ್ಕೆ ತೋರಿಸಿದರು.

ಗಲ್ಲಾದ ಪಕ್ಕ, ಕಾಫಿ ಬಾಯ್ಲರಿನ ಮೇಲೆ, ಗೋಡೆಗೆ ಒಂದು ಉದ್ದನೆಯ ತಂತಿ ನೇತಾಡುತ್ತಿತ್ತು. ಊರಿನ ಕಾಗದ, ಲೈಸೆನ್ಸಿನ ನಕಲು, ಮದುವೆಯ ಕರೆಯೋಲೆ ಎಲ್ಲವನ್ನೂ ಚುಚ್ಚಿ ಚುಚ್ಚಿ ಅದು ಗೋಡೆ ಕಾಣದಷ್ಟು ದಪ್ಪವಾಗಿತ್ತು. ಆ ಕಾಗದಗಳ ನಡುವೆ ಒಂದು ಕಪ್ಪು ಅಂಚು ಇಣುಕುತ್ತಿತ್ತು.

"ತಂತಿಗೆ ಚುಚ್ಚಿದಿರಾ!" ಎಂದು ಕಿರುಚಿ ಮೇಡಂ ಅಲ್ಲೇ ಬೆಂಚಿನ ಮೇಲೆ ಕುಸಿದರು. "ನನ್ನ ಏಳು ವರ್ಷ ಚುಚ್ಚಿಬಿಟ್ಟಿರಲ್ಲ!"

ಯಜಮಾನರಿಗೆ ಗಾಬರಿಗಿಂತ ಬೇಸರವೇ ಹೆಚ್ಚಾಯಿತು. "ನಾನ್ಯಾಕೆ ಚುಚ್ಚಲಿ? ತಂತಿಗೆ ಹಾಕಲಿಕ್ಕೆ ಅಂತ ಅವರೇ ನಡುವೆ ತೂತು ಮಾಡಿ ಕೊಟ್ಟಿದ್ದಾರಲ್ಲ!"

ನಾನು ಬೆಂಚು ಹತ್ತಿ ಇಣುಕಿದೆ. ತಂತಿ ಆ ದೊಡ್ಡ ತೂತಿನಲ್ಲೇ ತೂರಿತ್ತು, ಒಂದು ಗೀರೂ ಇಲ್ಲ. ಬಾಯ್ಲರಿನ ಕಾವಿಗೆ ಗರಿಗರಿಯಾಗಿ ಒಣಗಿತ್ತು.

ತೆಗೆದುಕೊಡಿ ಎಂದರೆ ಯಜಮಾನರು ಒಪ್ಪಲಿಲ್ಲ. ಮೇಲಿನ ಕಾಗದ ತೆಗೆದರೆ ಕ್ರಮ ತಪ್ಪುತ್ತದಂತೆ. ಕೊನೆಗೆ ತಂತಿಯನ್ನೇ ಗೋಡೆಯಿಂದ ಇಳಿಸಿ, ಗಲ್ಲಾಕ್ಕೆ ಸಪ್ಲೈಯರನ್ನು ಕೂರಿಸಿ, ನಮ್ಮ ಜೊತೆ ಹೊರಟರು. ಹೊರಗೆ ಜಡಿಮಳೆ. ಇದ್ದ ಒಂದು ಛತ್ರಿಯನ್ನು ತಂತಿಗೆ ಹಿಡಿದು, ತಾವು ಪೂರಾ ತೊಯ್ದರು. ಮೇಡಂ ದಾರಿಯುದ್ದಕ್ಕೂ ಅವರ ತಲೆಗೆ ಸೆರಗು ಹಿಡಿದಿದ್ದರು.

ಕೇಂದ್ರದಲ್ಲಿ ಯಜಮಾನರು ಕಾಗದಗಳನ್ನು ಒಂದೊಂದಾಗಿ ಇಳಿಸಿ ಕುರ್ಚಿಗಳ ಮೇಲೆ ಸಾಲಾಗಿ ಜೋಡಿಸಿದರು. ನಾನು ಫ್ಲಾಪಿ ಒಳಗೆ ತಳ್ಳಿ ಉಸಿರು ಬಿಗಿ ಹಿಡಿದೆ. ಯಂತ್ರ ಗರಗರ ಎಂದಿತು. ಪರದೆಯ ಮೇಲೆ ಮೊದಲ ಅಧ್ಯಾಯ ಬಂತು, ಎರಡನೆಯದು ಬಂತು, ಐದೂ ಬಂದವು. ಮೇಡಂ ಜೋರಾಗಿ ಅತ್ತರು. ಚೌತಿಗೆ ಎರಡು ದಿನ ಇರುವಾಗಲೇ ಪ್ರಬಂಧ ಒಪ್ಪಿಸಿದ್ದೂ ಆಯಿತು, ಆಮೇಲೆ ಅವರು ಡಾಕ್ಟರ್ ಆದದ್ದೂ ಆಯಿತು.

ಆದರೆ ಆ ದಿನದ ಮಾತು ಮುಗಿದಿಲ್ಲ. ನಕಲು ತೆಗೆದಾದ ಕೂಡಲೇ ಯಜಮಾನರು ಫ್ಲಾಪಿ ವಾಪಸು ಕೇಳಿ, ಲೈಸೆನ್ಸಿಗೂ ಅಕ್ಕನ ಮಗಳ ಮದುವೆಯ ಕರೆಯೋಲೆಗೂ ನಡುವೆ ಅದರ ಜಾಗದಲ್ಲೇ ಪೋಣಿಸಿದರು. ಮುಖ್ಯಸ್ಥರು ಇಷ್ಟು ಹೊತ್ತೂ ಮೂಲೆಯಲ್ಲಿ ನಿಂತು ನೋಡುತ್ತಿದ್ದರು. ಒಮ್ಮೆ ಬೂಷ್ಟು ಹಿಡಿದ ಸ್ಟೀಲ್ ಕಪಾಟಿನ ಕಡೆ ನೋಡಿದರು, ಒಮ್ಮೆ ಕೈಯಲ್ಲಿದ್ದ ನಿಯಮದ ಪುಸ್ತಕ ನೋಡಿದರು. ಆಮೇಲೆ ಒಳಗೆ ಹೋಗಿ ವಿಶ್ವವಿದ್ಯಾಲಯದ ಪರೀಕ್ಷಾ ಫಲಿತಾಂಶದ ಫ್ಲಾಪಿಗಳನ್ನು ತಂದು, ಯಜಮಾನರ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದರು:

"ಶೇಟ್‌ಜೀ, ಈ ತಂತಿಯಲ್ಲಿ ಇನ್ನೂ ಜಾಗ ಇದೆಯಾ?"