ಮೂರು ಕಡೆ ನಾಯಿ, ಎಲ್ಲೂ ಇಲ್ಲದ ನಾವು

ಕುಮಟೆಯ ‘ಗಗನಾಕ್ಷಿ’ ವೈಮಾನಿಕ ಛಾಯಾಗ್ರಹಣ ಸಂಸ್ಥೆಯ ಒಡೆಯರೂ, ನೆಲದ ಮೇಲೆ ಅಪರೂಪಕ್ಕೊಮ್ಮೆ ಕಾಲಿಡುವವರೂ ಆದ ಸುಜಯ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ತೆಂಗಿನಗುಂಡಿಯಿಂದ ತುಸು ಉತ್ತರಕ್ಕಿರುವ ಮೀನುಗಾರರ ಕೇರಿಯಿಂದ ದೀಕ್ಷಾ ಎಂಬವಳು ಕುತ್ತಿಗೆ ನೋಯುವಷ್ಟು ತಲೆ ಎತ್ತಿ, ಅಂದರೆ ತಮ್ಮಂಥವರನ್ನು ನೋಡಲು ಯಾವ ಭಂಗಿ ಬೇಕೋ ಅದೇ ಭಂಗಿಯಲ್ಲಿ ನಿಂತು, ಮಾಡುವ ನಮಸ್ಕಾರಗಳು. ತಾವು, ತಮ್ಮ ಡ್ರೋನು, ಚಿತ್ರಕ್ಕೆ ಚಿತ್ರ ಹೊಲಿಯುವ ತಮ್ಮ ಕಂಪ್ಯೂಟರು ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮ. ಕ್ಷೇಮ ಎನ್ನುವುದಕ್ಕಿಂತ ಮೊದಲು ನಾವು ‘ಇದ್ದೇವೆ’ ಎಂದೇ ತಮಗೆ ತಿಳಿಸಬೇಕಾಗಿ ಬಂದದ್ದರಿಂದ ಈ ಪತ್ರವನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ, ದಯವಿಟ್ಟು ಮನ್ನಿಸಬೇಕು.

ನಾನು ಹೊನ್ನಾವರದ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ತಯಾರಿಸುವವಳು. ಮದುಮಗನ ಮೊಡವೆ ಅಳಿಸುವುದು, ಊಟದ ಪಂಕ್ತಿಯಲ್ಲಿ ಬಾಯಿ ತೆರೆದವರ ಬಾಯಿ ಮುಚ್ಚಿಸುವುದು ನನ್ನ ನಿತ್ಯದ ಕಾಯಕವಾದ್ದರಿಂದ ತಮ್ಮ ವಿದ್ಯೆಯ ಬೆಲೆ ನನಗೆ ಗೊತ್ತು. ಡ್ರೋನನ್ನು ಆಕಾಶದಲ್ಲಿ ಒಂದೇ ಕಡೆ ನಿಲ್ಲಿಸಿ, ಸುತ್ತಲೂ ತಿರುಗಿಸುತ್ತ ಚಿತ್ರ ತೆಗೆದು, ಒಂದರ ಅಂಚನ್ನು ಇನ್ನೊಂದರ ಅಂಚಿಗೆ ಹೊಲಿದು, ಅಳಿವೆಯಿಂದ ಗುಡ್ಡದವರೆಗಿನ ಕರಾವಳಿಯನ್ನು ಒಂದೇ ಉದ್ದನೆಯ ಚಿತ್ರವನ್ನಾಗಿ ಮಾಡುವುದು ಸಾಮಾನ್ಯ ಕೆಲಸವಲ್ಲ. ಹಾಗೆ ಹೊಲಿಯುವಾಗ ಊರಿನ ಜನರನ್ನೇ ಹೊಲಿಗೆಯೊಳಗೆ ಮಡಚಿಬಿಡುವುದಂತೂ ತಮ್ಮಂಥ ಕೈಗೆ ಮಾತ್ರ ಸಾಧ್ಯ.

ತಾವು ಮೊದಲ ಸಲ ದಯಮಾಡಿಸಿದ್ದು ಕಳೆದ ಬೇಸಿಗೆಯಲ್ಲಿ. ಕಾರನ್ನು ಗಾಳಿಮರಗಳ ನೆರಳಿಗೆ ನಿಲ್ಲಿಸಿ, ಬೂಟಿಗೆ ಮರಳು ತಾಗದ ಹಾಗೆ ಅಲ್ಲಿಂದಲೇ ಡ್ರೋನು ಹಾರಿಸಿದಿರಿ. ಮಳೆಗಾಲದ ಮಾರಾಟಕ್ಕೆ ಮೀನು ಒಣಗಿಸುವ ಕಾಲ ಅದು. ನನ್ನ ಚಿಕ್ಕಮ್ಮ ಮಂಜಿ ಮತ್ತು ಕೇರಿಯ ಹೆಂಗಸರು ಮರಳಿನ ಮೇಲೆ ಬಲೆ ಹಾಸಿ ತಾರಲೆ ಮೀನು ಹರಡುತ್ತ, ಮಗುಚುತ್ತ, ಕಾಗೆ ಓಡಿಸುತ್ತ ಇದ್ದರು. ತಲೆಯ ಮೇಲೆ ಗುಂಯ್ ಎಂದು ಬಂದು ನಿಂತದ್ದನ್ನು ಕಂಡು ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, “ನಮ್ಮದೂ ಫೋಟೋ ಹೊಡಿತ್ರು ಕಾಣೆ” ಎಂದು ಪಕ್ಕದವಳಿಗೆ ಹೇಳಿ, ಮೇಲೆ ನೋಡಿ ನಕ್ಕಿದ್ದರು. ಆ ನಗು ತಮ್ಮನ್ನು ತಲುಪಲಿಲ್ಲವೆಂದು ನಮಗೆ ತಿಳಿದದ್ದು ಪಂಚಾಯಿತಿ ಸಭಾಭವನದಲ್ಲಿ.

ಆ ಸಭೆ ತಮಗೆ ನೆನಪಿರಬಹುದು. ನಮ್ಮ ತೀರದಲ್ಲಿ ವಿಹಾರಧಾಮ ಕಟ್ಟಲು ಹೊರಟ ಕಂಪನಿಯವರು ತಾವು ತೆಗೆದುಕೊಟ್ಟ ಚಿತ್ರವನ್ನು ಗೋಡೆಯುದ್ದಕ್ಕೂ ತೂಗುಹಾಕಿ, “ಯಾರೂ ಬಳಸದ ಖಾಲಿ ಮರಳು, ಮೇಡಂ” ಎಂದು ವಿಚಾರಣೆಗೆ ಬಂದಿದ್ದ ಅಧಿಕಾರಿ ಪ್ರಿಯಂವದಾ ಅವರಿಗೆ ವಿವರಿಸುತ್ತಿದ್ದರು. ಖಾಲಿ ಎಂದು ಬರೆದುಕೊಂಡರೆ ಬೇಲಿ ಬೀಳುತ್ತದೆ, ಬೇಲಿ ಬಿದ್ದರೆ ಮೀನು ಒಣಗಿಸಲು ನಮಗೆ ಬೇರೆ ಜಾಗವಿಲ್ಲ. ಚಿತ್ರವೇನೋ ಬಹಳ ಚೆಂದವಿತ್ತು. ಸಮುದ್ರ ಇದ್ದದ್ದಕ್ಕಿಂತ ನೀಲಿ, ಮರಳು ತೊಳೆದಿಟ್ಟ ಅಕ್ಕಿಯ ಹಾಗೆ. ಚಿಕ್ಕಮ್ಮ ಎದ್ದುಹೋಗಿ, ಜಾತ್ರೆಯಲ್ಲಿ ತಪ್ಪಿಸಿಕೊಂಡವರನ್ನು ಹುಡುಕುವ ಹಾಗೆ ಈ ತುದಿಯಿಂದ ಆ ತುದಿಯವರೆಗೆ ತನ್ನನ್ನು ತಾನೇ ಹುಡುಕಿದರು. ಸಿಕ್ಕಿದ್ದು ನಮ್ಮ ಕೇರಿಯ ಕೆಂಪು ನಾಯಿ. ಸ್ವಲ್ಪ ಮುಂದೆ ಹೋದರೆ ಅದೇ ನಾಯಿ. ಬಂಡೆಯ ಹತ್ತಿರ ಮತ್ತೆ ಅದೇ.

“ನಾಯಿ ಮೂರು ಕಡೆ ಉಂಟು. ನಾವು ಎಂತಕೆ ಒಂದು ಕಡೆಯೂ ಇಲ್ಲ?” ಎಂದು ಅವರು ಕೇಳಿದಾಗ ಸಭೆ ನಕ್ಕಿತು. ಚಿಕ್ಕಮ್ಮ ನಗಲಿಲ್ಲ.

ಆಗ ತಾವು ತೋರಿದ ತಾಳ್ಮೆಯನ್ನು ಎಷ್ಟು ಕೊಂಡಾಡಿದರೂ ಸಾಲದು. “ಅಮ್ಮಾ, ನೀವು ಅಲ್ಲಾಡಿದ್ರಿ. ಒಂದು ಫೋಟೋದಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ. ಅಲ್ಲಾಡಿದವರನ್ನ ಸಾಫ್ಟ್‌ವೇರ್ ತೆಗೆದುಹಾಕ್ತದೆ. ನಾಯಿ ಹೇಗೋ ಉಳ್ಕೊಂಡಿದೆ” ಎಂದು ಮಗುವಿಗೆ ಹೇಳುವಂತೆ ಹೇಳಿದಿರಿ. ದುಡಿಯುವವರು ಅಲ್ಲಾಡುತ್ತಾರೆ, ಅಲ್ಲಾಡಿದವರು ಅಳಿದುಹೋಗುತ್ತಾರೆ ಎಂಬ ಇಷ್ಟು ದೊಡ್ಡ ತತ್ವವನ್ನು ಇಷ್ಟು ಸರಳವಾಗಿ ಹೇಳಿದವರನ್ನು ನಾನು ಕಂಡಿಲ್ಲ. ಆದರೆ ಹೊಟ್ಟೆಪಾಡಿಗೆ ನಾನೂ ಅದೇ ಕಸುಬಿನವಳಾದ್ದರಿಂದ ಸುಮ್ಮನಿರಲಾಗಲಿಲ್ಲ.

“ಹೆಂಗಸರು ಅಲ್ಲಾಡಿದ್ರು, ಸರಿ. ಒಣಮೀನು ಅಲ್ಲಾಡುದಿಲ್ಲವಲ್ಲ ಸರ್, ಅದೆಲ್ಲಿಗೆ ಹೋಯ್ತು?” ಎಂದೆ.

ತಾವು ಒಮ್ಮೆ ಕಂಪನಿಯವರ ಮುಖ ನೋಡಿ, “ಅದು ಸ್ವಲ್ಪ ಕ್ಲೀನಿಂಗ್ ಅಷ್ಟೇ, ಮೇಡಂ” ಎಂದಿರಿ. ಬದಿಯ ಖಾಲಿ ಮರಳನ್ನು ಬ್ರಷ್ಷಿನಲ್ಲಿ ಎತ್ತಿ ತಂದು ನಮ್ಮ ಮೀನಿನ ಮೇಲೆ ಬಳಿಯುವುದಕ್ಕೆ ಇಷ್ಟು ಶುಚಿಯಾದ ಹೆಸರಿದೆಯೆಂದು ಅಂದೇ ತಿಳಿಯಿತು, ಕೃತಜ್ಞಳಾಗಿದ್ದೇನೆ. ಪ್ರಿಯಂವದಾ ಅವರು ಮಾತ್ರ ಅಷ್ಟು ಕಲಾಭಿಮಾನಿಯಲ್ಲ. ಏನನ್ನೂ ಅಳಿಸದೆ ಇನ್ನೊಂದು ಚಿತ್ರ ತೆಗೆದು ತನ್ನಿ ಎಂದು ಎದ್ದುಹೋದರು.

ತಾವು ಮತ್ತೆ ಬರುವ ಹಿಂದಿನ ಸಂಜೆ ಕೇರಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ದರು. ಡ್ರೋನು ಒಂದು ಸುತ್ತು ತಿರುಗಿ ಮುಗಿಯುವವರೆಗೆ ಇದ್ದಲ್ಲೇ ಇದ್ದರೆ ಯಾರೂ ಅಳಿಯುವುದಿಲ್ಲ ಎಂದು ನಾನೇ ಹೇಳಿಕೊಟ್ಟೆ. “ಕಾಗೆ ಬಂದ್ರೆ?” ಎಂದು ನಾಗಮ್ಮ ಕೇಳಿದರು. ಚಿಕ್ಕಮ್ಮ, “ಒಂದು ದಿನದ ಮೀನು ತಿನ್ಲಿ. ಜಾಗ ಹೋದ್ರೆ ಎಲ್ಲಾ ದಿನದ್ದೂ ಹೋತು. ಆತು, ನಾವು ಅಲ್ಲಾಡುದಿಲ್ಲ” ಎಂದರು.

ಮರುದಿನ ಅವರು ಹಾಗೆಯೇ ಮಾಡಿದರು, ಮಾನ್ಯರೇ. ಬುಟ್ಟಿ ಹೊತ್ತವರು ಬುಟ್ಟಿ ಹೊತ್ತ ಹಾಗೆ, ಬಗ್ಗಿದವರು ಬಗ್ಗಿದ ಹಾಗೆ. ಚಿಕ್ಕಮ್ಮ ಕೋಲು ಎತ್ತಿಕೊಂಡೇ ನಿಂತರು. ಮನುಷ್ಯರು ಮರದ ಹಾಗೆ ನಿಂತದ್ದನ್ನು ನೋಡಿ ಕಾಗೆಗಳು ಮೊದಲು ಅನುಮಾನಿಸಿದವು, ಆಮೇಲೆ ಇಳಿದವು. ಕಾಲ ಬುಡದಲ್ಲೇ ಕೂತು ತಾರಲೆ ಕುಕ್ಕಿದವು, ಕಚ್ಚಿಕೊಂಡು ಹೋಗಿ ಮತ್ತೆ ಬಂದವು. ತಾವು ಬ್ಯಾಟರಿ ಬದಲಿಸಿದಿರಿ, ಬೆಳಕು ಸರಿಯಿಲ್ಲವೆಂದಿರಿ, ಮತ್ತೊಂದು ಸುತ್ತು, ಇನ್ನೂ ಒಂದು ಸುತ್ತು ಹಾರಿಸಿದಿರಿ. ಅಷ್ಟೂ ಹೊತ್ತು ಚಿಕ್ಕಮ್ಮನ ಕೋಲು ಇಳಿಯಲಿಲ್ಲ. ಡ್ರೋನು ಕಾರಿಗೆ ಮರಳಿದ ಮೇಲೆ ಅವರು ಉಳಿದ ಮೀನಿನ ಪಕ್ಕ ಕೂತು ತೋಳು ತಿಕ್ಕಿಕೊಂಡರು. ತಾವು ಗಾಜು ಏರಿಸಿ ಹೊರಟುಹೋದಿರಿ.

ಈ ಸಲದ ಚಿತ್ರದಲ್ಲಿ ಎಲ್ಲರೂ ಇದ್ದರು. ನಾಗಮ್ಮನ ಮೂಗುತಿಯವರೆಗೆ ಎಲ್ಲವೂ ಸ್ಫುಟ. ಎರಡನೆಯ ಸಭೆಯಲ್ಲಿ ಕಂಪನಿಯವರು ಅದನ್ನು ಮೆಚ್ಚಿಕೊಂಡು ನೋಡಿ, “ನೋಡಿ ಮೇಡಂ, ಯಾರಾದರೂ ಕೆಲಸ ಮಾಡುವಾಗ ಇಷ್ಟು ಅಲ್ಲಾಡದೆ ಇರ್ತಾರಾ? ಪೋಸ್ ಕೊಡ್ಲಿಕ್ಕೆ ಕರ್ಕೊಂಡು ಬಂದವರು ಇವರು” ಎಂದರು. ತಾವು ಪಕ್ಕದಲ್ಲೇ ಕುಳಿತಿದ್ದಿರಿ. ಅಲ್ಲಾಡಿದರೆ ಅಳಿಸುತ್ತೇವೆಂದು ಹೇಳಿದ ಬಾಯಿ ತಮ್ಮದೇ. ಆ ಬಾಯಿ ಆಗ ತಮ್ಮ ಯಾವ ಚಿತ್ರದಲ್ಲೂ ಕಾಣದಷ್ಟು ನಿಶ್ಚಲವಾಗಿತ್ತು. ಅಂಥ ಸಂಯಮಕ್ಕೆ ಯಾವುದಾದರೂ ಪ್ರಶಸ್ತಿ ಇದ್ದರೆ ನಾನೇ ಶಿಫಾರಸು ಮಾಡುತ್ತೇನೆ.

ಚಿಕ್ಕಮ್ಮ ಆ ದಿನ ಚಿತ್ರದ ಹತ್ತಿರ ಹೋಗಲಿಲ್ಲ. ಅಧಿಕಾರಿಯ ಮೇಜಿನ ಮುಂದೆ ನಿಂತು, “ಅಮ್ಮಾ, ಮೇಲಿಂದ ನೋಡಿದ್ದು ಸಾಕು. ನಡ್ಕಂಡು ಬನ್ನಿ. ಯಾವ ದಿನ ಅಂತ ಹೇಳುದು ಬೇಡ” ಎಂದರು.

ಪ್ರಿಯಂವದಾ ಅವರು ಬಂದರು. ಯಾರಿಗೂ ತಿಳಿಸದೆ, ಬಿಸಿಲೇರಿದ ಹೊತ್ತಿಗೆ, ಚಪ್ಪಲಿ ಕೈಯಲ್ಲಿ ಹಿಡಿದು ಬಂದರು. ಮೊದಲು ಮೂಗಿಗೆ ಸೆರಗು ಹಿಡಿದರು, ಸ್ವಲ್ಪ ಹೊತ್ತಿಗೆ ಬಿಟ್ಟರು. ಸುಡುವ ಮರಳಿನ ಮೇಲೆ ಕಾಲು ಬದಲಿಸುತ್ತ ಒಬ್ಬೊಬ್ಬರನ್ನೂ ಕೇಳಿದರು. ಯಾರೂ ಕೆಲಸ ನಿಲ್ಲಿಸಿ ಉತ್ತರ ಕೊಡಲಿಲ್ಲ, ಮಗುಚುತ್ತಲೇ ಹೇಳಿದರು. ಕೊನೆಗೆ ದೋಣಿಯ ನೆರಳಲ್ಲಿ ಕೂತು ನೀರು ಕುಡಿದು, ಈ ಜಾಗ ಬಳಕೆಯಲ್ಲಿದೆ, ಇದನ್ನು ಯೋಜನೆಯಿಂದ ಬಿಡಬೇಕೆಂದು ವರದಿ ಕೊಡುತ್ತೇನೆ ಎಂದರು. ಹಾಗೆಯೇ ಕೊಟ್ಟರು. ಬೇಲಿ ನಮ್ಮ ಮೀನಿನ ಹಾಸಿನಿಂದ ಆಚೆಗೆ, ಬಂಡೆಯ ಹತ್ತಿರ ನಿಂತಿದೆ. ಬಂಡೆಯಾಚೆಗಿನ ಮರಳು ವಿಹಾರಧಾಮಕ್ಕೆ ಹೋಯಿತು. ಅಲ್ಲಿ ಸಿಗಡಿ ಒಣಗಿಸುತ್ತಿದ್ದ ಬಂಗಾರಿ ಈಗ ನಮ್ಮ ಜೊತೆ ಒತ್ತೊತ್ತಾಗಿ ಹಾಸುತ್ತಾರೆ. ಗೆದ್ದೆವೆಂದು ಹೇಳಿದರೆ ಅವರ ಮುಂದೆ ಸುಳ್ಳಾಗುತ್ತದೆ.

ಇಷ್ಟು ವಿದ್ಯಾವಂತರಾದ ತಮ್ಮಲ್ಲಿ ಕೆಲವು ವಿನಂತಿಗಳಿವೆ. ಹೆದ್ದಾರಿಯ ಹೊಂಡಗಳ ಮೇಲೆ ಒಳ್ಳೆಯ ಡಾಂಬರನ್ನು ಬ್ರಷ್ಷಿನಲ್ಲಿ ಎತ್ತಿ ತಂದು ಬಳಿಯಬೇಕು. ಮುರ್ಡೇಶ್ವರ ಸ್ಟೇಷನ್ನಿನಲ್ಲಿ ರಜಾದಿನ ಅಲ್ಲಾಡುವ ಜನರನ್ನೆಲ್ಲ ಅಳಿಸಿ ನಮಗೊಂದು ಸೀಟು ಮಾಡಿಕೊಡಬೇಕು. ಮಳೆಗಾಲದಲ್ಲಿ ಕಡಲು ಕೊರೆದ ದಂಡೆಗೆ ತದಡಿಯ ಕಡೆಯಿಂದ ಒಂದಿಷ್ಟು ದಡ ತಂದು ಹೊಲಿಯಬೇಕು, ಮತ್ತು ಹೊಲಿಯುವಷ್ಟು ಹೊತ್ತು ಅಲೆಗಳು ಅಲ್ಲಾಡಬಾರದೆಂದು ಅವುಗಳಿಗೂ ತಾವೇ ತಾಳ್ಮೆಯಿಂದ ತಿಳಿಸಬೇಕು. ಇದಾವುದೂ ಆಗದಿದ್ದರೆ ಒಮ್ಮೆ ಕಾರಿನಿಂದ ಇಳಿಯಬೇಕು.

ಇಷ್ಟು ಓದುವವರೆಗೂ ಅಲ್ಲಾಡದೆ ಕುಳಿತಿದ್ದೀರೆಂಬ ಭರವಸೆಯೊಂದಿಗೆ,

ತಮ್ಮ ವಿಶ್ವಾಸಿ,
ದೀಕ್ಷಾ

ತಾ.ಕ.: ಎಡಿಟಿಂಗ್ ಬಲ್ಲ ಸ್ಥಳೀಯರು ಬೇಕು, ಬಂದು ಸೇರಿಕೊಳ್ಳಿ ಎಂದು ತಮ್ಮ ಕಚೇರಿಯಿಂದ ಮೊನ್ನೆ ನನಗೆ ಕರೆ ಬಂದಿತ್ತು. ಕೆಲಸ ಏನೆಂದು ಕೇಳಿದ್ದಕ್ಕೆ, ಹೊಸ ವಿಹಾರಧಾಮಕ್ಕೆ ಇನ್ನೂ ಗಿರಾಕಿಗಳು ಬಾರದೆ ಚಿತ್ರ ಖಾಲಿ ಕಾಣುತ್ತಿದೆ, ಅಲ್ಲಿ ನಾಲ್ಕು ಜನರನ್ನು ಸೇರಿಸಬೇಕು ಎಂದರು. ಮಾನ್ಯರೇ, ಅದು ನನ್ನಿಂದಾಗದು. ಇಲ್ಲದವರನ್ನು ಇರುವಂತೆ ತೋರಿಸುವ ವಿದ್ಯೆ ನನಗೆ ಬರುವುದಿಲ್ಲ, ತಾವು ಕಲಿತಿರಬಹುದು.