ಮೂರು ಒಲೆಯ ಲ್ಯಾಪ್‌ಟಾಪು

ಎಲ್ಲ ಆದದ್ದು ಅರ್ಚನಾಳ ಬಾಯಿಂದ ಜಾರಿದ ಒಂದು ಮಾತಿನಿಂದ.

ಕೊಟ್ಟೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅವಳು ಕಂಪ್ಯೂಟರ್ ಟೀಚರು. ತರಗತಿಯಲ್ಲಿ ಮೂವತ್ತಾರು ಹುಡುಗಿಯರು, ಕಂಪ್ಯೂಟರ್ ಒಂದೇ. ವರ್ಷ ಮುಗಿಯುತ್ತ ಬಂದರೂ ಹಿಂದಿನ ಸಾಲಿನ ಮೈಲಮ್ಮ, ಗಾದೆಮ್ಮ, ಭರಮಮ್ಮನಂಥವರು ಇನ್ನೂ ಕೀಲಿಮಣೆ ಮುಟ್ಟಿರಲಿಲ್ಲ. ಶನಿವಾರ ಶಾಲೆಗೆ ಬಂದಿದ್ದ ಆಡಳಿತ ಮಂಡಳಿಯ ಅಧ್ಯಕ್ಷರು, ಎಣ್ಣೆ ಮಿಲ್ಲಿನ ಗುರುಸಂಗಪ್ಪನವರು, ಅವಳ ಗೋಳು ಕೇಳಿ ಕರಗಿದರು.

"ನಾಲ್ಕು ಕಂಪ್ಯೂಟ್ರು ಕೊಡಸ್ತೀನಿ ಟೀಚರವ್ವಾ. ಆದ್ರ ಒಂದಕ್ಕೊಂದು ಜೋಡಿಸ್ತೀನಿ, ನೆಟ್‌ವರ್ಕು ಮಾಡ್ತೀನಿ ಅಂತೀಯಲ್ಲ, ಅದೇನಂತ ಮೊದ್ಲು ನನ್ನ ಕಣ್ಣಿಗೆ ತೋರ್ಸು."

"ನಾಳೆ ನಾಲ್ಕಕ್ಕ ನಮ್ಮನಿಗೆ ಬರ್ರಿ ಸಾವ್ಕಾರ್ರ, ತೋರಿಸ್ತೀನಿ" ಎಂದುಬಿಟ್ಟಳು ಅರ್ಚನಾ.

ಶಾಲೆಗೆ ಇಂಟರ್ನೆಟ್ ಬಂದಿರಲಿಲ್ಲ, ಮನೆಯ ತಂತಿ ಫೋನಿಗೆ ಮೋಡೆಮ್ಮು ಜೋಡಿಸಿ ಬಂದಿತ್ತು. ಅದಕ್ಕೇ ಮನೆಗೆ ಕರೆದದ್ದು. ಆದರೆ ಮನೆಯಲ್ಲಿದ್ದದ್ದು ಗಂಡ ಗಂಗಾಧರನ ಲ್ಯಾಪ್‌ಟಾಪ್ ಒಂದೇ. ನಾಲ್ಕು ಕಂಪ್ಯೂಟರ್ ಬೇಕೆಂದು ತೋರಿಸಲು ನಾಲ್ಕು ಕಂಪ್ಯೂಟರ್ ಬೇಕಲ್ಲ ಎಂಬುದು ಅವಳಿಗೆ ಹೊಳೆದದ್ದು ಬಸ್‌ಸ್ಟ್ಯಾಂಡ್ ದಾಟಿದ ಮೇಲೆ.

ಅದಕ್ಕೂ ಒಂದು ಉಪಾಯವಿತ್ತು. ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ, ಬರೀ ತಂತ್ರಾಂಶದಿಂದ, ಇನ್ನೂ ಮೂರು ಕಂಪ್ಯೂಟರ್ ಹುಟ್ಟಿಸಬಹುದು. ಕೈಗೆ ಸಿಗುವುದಿಲ್ಲ, ಪರದೆಯ ಮೇಲೆ ಮೂರು ಕಿಟಕಿಗಳಾಗಿ ಕಾಣುತ್ತವೆ. ವರ್ಚುವಲ್ ಮಷಿನ್ ಅಂತ ಹೆಸರು. ಭಾನುವಾರ ಬೆಳಿಗ್ಗೆ ಗಂಗಾಧರ ಯಾರದೋ ಮದುವೆಗೆಂದು ಹಡಗಲಿಯ ಬಸ್ಸು ಹತ್ತಿದ್ದೇ ತಡ, ಅರ್ಚನಾ ಒಲೆಯ ಮೇಲೆ ಬೇಳೆ ಇಟ್ಟು ಮೂರನ್ನೂ ಹುಟ್ಟಿಸಿದಳು. ಮೈಲಮ್ಮ, ಗಾದೆಮ್ಮ, ಭರಮಮ್ಮ ಎಂದೇ ಹೆಸರಿಟ್ಟಳು.

ಮೂವರೂ ಚೆನ್ನಾಗಿ ಎದ್ದು ಕೂತರು. ಆದರೆ ಇಂಟರ್ನೆಟ್ಟು ಮಾತ್ರ ಒಬ್ಬರಿಗೂ ಸಿಗಲಿಲ್ಲ.

ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ದ್ಯಾಮಕ್ಕ ಲ್ಯಾಪ್‌ಟಾಪಿನ ಬೆನ್ನು ಮುಟ್ಟಿ ಕೈ ಕೊಡವಿದಳು. "ಶಿವನೇ! ರೊಟ್ಟಿ ಹಂಚು ಆಗೇತಲ್ಲೇ!"

"ಒಳಗ ಮೂರು ಅದಾವ ದ್ಯಾಮಕ್ಕ, ಅದಕ್ಕ."

"ಹೊಟ್ಟ್ಯಾಗ ಮೂರಾ? ಮತ್ತ ಬಿಸಿಯಾಗದ ಇರತೈತೇನು? ಶಿವಬಸಮ್ಮಾ, ಬಸುರಿಗೆ ಗಾಳಿ ಹಾಕು ಬಾ!"

ಅರ್ಚನಾಳ ಅತ್ತೆ ಶಿವಬಸಮ್ಮ ಬೀಸಣಿಗೆ ಹಿಡಿದು ಬಂದು ಕೂತಳು. ಸೊಸೆಯ ಕೆಲಸ ಏನೆಂದು ತಿಳಿಯದಿದ್ದರೂ, ಅದಕ್ಕೆ ಸೆಕೆಯಾಗುತ್ತಿದೆ ಎಂಬುದು ಆಕೆಗೆ ತಿಳಿದಿತ್ತು.

ಗದ್ದಲ ಕೇಳಿ ಎದುರು ಮನೆಯ ಎರ್ರೆಪ್ಪನೂ ಬಂದ. ಮೂವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದವನು. "ಇದು ವೈರಿನ ತೊಂದ್ರಿ" ಎಂದ, ನೋಡದೆಯೇ.

"ವೈರು ಸರಿ ಐತ್ರಿ ಎರ್ರೆಪ್ಪಣ್ಣ, ಲ್ಯಾಪ್‌ಟಾಪಿಗೆ ಬರಾಕತ್ತೇತಿ. ಒಳಗಿನವಕ್ಕ..."

"ಮ್ಯಾಲೆ ಲೂಜ್ ಇರತೈತಿ ತಂಗಿ. ನೀ ಸುಮ್ನಿರು."

ಎರ್ರೆಪ್ಪ ಮಾಳಿಗೆ ಏರಿ ಫೋನಿನ ತಂತಿ ಜಗ್ಗಿದ. ತಂತಿ ಕಳಚಿ, ಒಣಹಾಕಿದ್ದ ಎರಡು ಸೀರೆಗಳ ಸಮೇತ ಅಂಗಳಕ್ಕೆ ಬಿತ್ತು. ಈಗ ಲ್ಯಾಪ್‌ಟಾಪಿಗೂ ಇಂಟರ್ನೆಟ್ ಇಲ್ಲ. "ನಾ ಹೇಳಲಿಲ್ಲೇನು? ಲೂಜ್ ಇತ್ತು!" ಎಂದು ಮೇಲಿನಿಂದ ಕೂಗಿದ. ಅವನು ತಂತಿ ಹೆಣೆದು, ಮೋಡೆಮ್ಮಿನ ದೀಪ ಮತ್ತೆ ಮಿಣುಕುವಷ್ಟರಲ್ಲಿ ಮಧ್ಯಾಹ್ನ ಎರಡಾಗಿತ್ತು. ಒಲೆಯ ಮೇಲಿನ ಬೇಳೆ ಸೀದು ತಳ ಹಿಡಿದಿತ್ತು.

ಅರ್ಚನಾ ಗೋಡೆಗೊರಗಿ ಕೂತುಬಿಟ್ಟಳು. ಕಣ್ಣಲ್ಲಿ ನೀರು.

"ಏನಾಗೇತಿ ಹೇಳವಾ" ಎಂದಳು ಶಿವಬಸಮ್ಮ, ಬೀಸುವ ಕೈ ನಿಲ್ಲಿಸದೆ.

"ಮೂರೂ ತಾವ ಹೋಗಿ ಆ ಮೋಡೆಮ್ಮಿನ ಹತ್ರ ವಿಳಾಸ ಕೇಳ್ತಾವ್ರಿ ಅತ್ತಿ. ಅದು ಕೊಡವಲ್ದು. ಅದಕ್ಕ ಲ್ಯಾಪ್‌ಟಾಪ್ ಬಿಟ್ರ ಬ್ಯಾರೆ ಯಾರ ಗುರುತೂ ಇಲ್ಲ."

"ಅವು ಯಾಕ ಹೋಗಬೇಕು?" ಶಿವಬಸಮ್ಮನಿಗೆ ಆಶ್ಚರ್ಯ. "ನಾನು ಕೋಗಳಿಯಿಂದ ಮದಿವ್ಯಾಗಿ ಬಂದಾಗ ಈ ಮನ್ಯಾಗ ಮೂರು ಒಲಿ, ಮೂವರು ವಾರಗಿತ್ತೇರು. ಅಂಗಡಿಯಾಂವಗ ಗುರುತಿದ್ದಾಕಿ ನಮ್ಮತ್ತಿ ಒಬ್ಬಾಕಿನ. ಯಾರಿಗೇನು ಬೇಕೋ ಆಕಿಗೆ ಹೇಳ್ತಿದ್ವಿ. ಆಕಿ ತನ್ನ ಹೆಸರ್ಲೆ ತಂದು, ಯಾರದು ಯಾರಿಗಂತ ನೆನಪಿಟ್ಟು ಹಂಚತಿದ್ಲು. ಅಂಗಡಿಯಾಂವಗ ಒಳಗ ಮೂವರದೀವಿ ಅನ್ನೋದ ಗೊತ್ತಿರಲಿಲ್ಲ."

ಅರ್ಚನಾ ನೆಟ್ಟಗೆ ಕೂತಳು. "ಮತ್ತ ನೀವು ಮೂವರೂ ಮಾತಾಡಬೇಕಂದ್ರ? ಅದಕ್ಕೂ ಅತ್ತೀನ ಬೇಕಿತ್ತೇನ್ರಿ?"

"ಆಕಿ ಮುಂದ ಆಡೋ ಮಾತಾ ಅವು? ಹಿತ್ತಲಿತ್ತಲ್ಲ!" ಶಿವಬಸಮ್ಮ ಸೆರಗು ಬಾಯಿಗಿಟ್ಟು ನಕ್ಕಳು.

ಅರ್ಚನಾ ಅತ್ತೆಯ ಕೆನ್ನೆ ಹಿಂಡಿ ಲ್ಯಾಪ್‌ಟಾಪಿಗೆ ಹಾರಿದಳು. ಮೂರು ಯಂತ್ರಗಳಿಗೂ ಎರಡೆರಡು ದಾರಿ ಮಾಡಿದಳು: ಹೊರಗಿನದೇನು ಬೇಕಾದರೂ ಲ್ಯಾಪ್‌ಟಾಪಿನ ಹೆಸರಿನಲ್ಲೇ ತರಿಸಿಕೊಳ್ಳಲು ಒಂದು, ತಮ್ಮತಮ್ಮೊಳಗೆ ಮಾತಾಡಿಕೊಳ್ಳಲು ಇನ್ನೊಂದು. ಮೂರೂಮುಕ್ಕಾಲಿಗೆ ಮೈಲಮ್ಮ ಗಾದೆಮ್ಮನನ್ನು ಕೂಗಿದಳು, ಗಾದೆಮ್ಮ ಓಗೊಟ್ಟಳು. ಭರಮಮ್ಮ ಇಂಟರ್ನೆಟ್ಟಿನಿಂದ ಒಂದು ನವಿಲಿನ ಚಿತ್ರ ತಂದು ಇಬ್ಬರಿಗೂ ಹಂಚಿದಳು. ಎರ್ರೆಪ್ಪ ಮೀಸೆ ತಿರುವಿದ. "ಮ್ಯಾಲಿನ ತಂತಿ ನಾ ಕಟ್ಟಿದ್ದು!"

ಸರಿಯಾಗಿ ನಾಲ್ಕಕ್ಕೆ ಗುರುಸಂಗಪ್ಪನವರು ಬಂದರು. ಮಂಡಕ್ಕಿ ಮಿರ್ಚಿ ಮುಂದಿಟ್ಟು ಅರ್ಚನಾ ತೋರಿಸಿದಳು. ಅವರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು. ನವಿಲಿನ ಚಿತ್ರ ಮೂರು ಕಿಟಕಿಯಲ್ಲೂ ಮೂಡಿತು.

"ಚಂದ ಐತಿ. ಆದ್ರ ಹೆಂಗ ಆತಿದು? ತಿಳೀಲಿಲ್ಲ ನೋಡವ್ವಾ."

ಅರ್ಚನಾ ಬಾಯಿ ತೆರೆಯುವ ಮೊದಲೇ ಶಿವಬಸಮ್ಮ ಬೀಸಣಿಗೆ ಕೆಳಗಿಟ್ಟಳು. "ನಾ ಹೇಳ್ತೀನಿ ಕೇಳ್ರಿ ಸಾವ್ಕಾರ್ರ." ಮೂರು ಒಲೆ, ಅಂಗಡಿ, ಅತ್ತೆ, ಹಿತ್ತಲು, ಒಂದೂ ಬಿಡದೆ ಹೇಳಿದಳು. ಗುರುಸಂಗಪ್ಪನವರ ಮುಖ ಅರಳುತ್ತ ಹೋಯಿತು. ಕೊನೆಗೆ ತೊಡೆ ತಟ್ಟಿದರು.

"ಈಗ ತಿಳೀತು! ಅಂದ್ರ ಈ ಒಂದರಾಗ ನಾಲ್ಕು ಕಂಪ್ಯೂಟ್ರು ಸಂಸಾರ ಮಾಡ್ತಾವು."

"ಹೌದ್ರಿ!" ಎಂದಳು ಅರ್ಚನಾ ಹಿಗ್ಗಿ.

"ಜಗಳ ಇಲ್ದ."

"ಇಲ್ರಿ!"

"ಒಂದ ಮನ್ಯಾಗ ಇಷ್ಟು ಹೊಂದ್ಕೊಂಡು ಇರೋವಾಗ, ಬ್ಯಾರೆ ನಾಲ್ಕು ಮನಿ ಯಾಕ ಕಟ್ಟಸಬೇಕು ಹೇಳು? ನಾಳೆಯಿಂದ ಇದನ್ನ ಸಾಲಿಗೆ ತಗಂಡು ಬಾ." ಮಿರ್ಚಿಯೊಂದನ್ನು ಮುರಿದು ಬಾಯಿಗಿಟ್ಟರು. "ಆದ್ರ ಹುಡುಗೇರು ನಿಂತು ನೋಡಬಾರ್ದು. ಮೂವತ್ತಾರು ಕುರ್ಚಿ ಕಳಸ್ತೀನಿ. ಮಾತಂದ್ರ ಮಾತು."

ಅರ್ಚನಾ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಎರ್ರೆಪ್ಪನೂ ದ್ಯಾಮಕ್ಕನೂ ಚಪ್ಪಾಳೆ ತಟ್ಟುತ್ತಿದ್ದರು.

ಅವರೆಲ್ಲ ಹೋದ ಮೇಲೆ ಅರ್ಚನಾ ಲ್ಯಾಪ್‌ಟಾಪಿನ ಮುಂದೆ ಕೂತು ಮೂರು ಕಿಟಕಿಗಳನ್ನೂ ಒಂದೊಂದಾಗಿ ಮುಚ್ಚಿದಳು. ನಾಲ್ಕು ಕಂಪ್ಯೂಟರೂ ಹೋದವು. ಇದ್ದೊಂದು ಲ್ಯಾಪ್‌ಟಾಪೂ ಬೆಳಗಾದರೆ ಶಾಲೆಯದು. ಹಡಗಲಿಯಿಂದ ಬರುವ ಗಂಡನಿಗೆ ಏನೆಂದು ಹೇಳುವುದು?

ಶಿವಬಸಮ್ಮ ಬಂದು ಪಕ್ಕದಲ್ಲಿ ಕೂತಳು. ಬೆಳಗಿನಿಂದ ಬೀಸಿ ಬೀಸಿ ಆಕೆಯ ತೋಳು ನಡುಗುತ್ತಿತ್ತು, ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಮುಖ ಮಾತ್ರ ಬೆಳಗುತ್ತಿತ್ತು.

"ನೀ ಕೇಳಿದ್ದು ಬರೇ ನಾಲ್ಕು. ಅವರು ಕೊಡೋದು ಮೂವತ್ತಾರು! ನಾ ಬಾಯಿ ಬಿಟ್ಟಿದ್ದಕ್ಕ ಆತಲ್ಲವಾ?"

ಅರ್ಚನಾ ಆ ನಡುಗುವ ತೋಳನ್ನು ತನ್ನ ಮಡಿಲಿಗೆ ಎಳೆದುಕೊಂಡು ಮೆಲ್ಲಗೆ ಒತ್ತತೊಡಗಿದಳು.

"ಹೌದ್ರಿ ಅತ್ತಿ," ಎಂದಳು. "ಎಲ್ಲಾ ನಿಮ್ಮಿಂದನ ಆತು."